ತಕ್ಕಡಿರಾಯರು ಮೌತ್‌ಪೀಸ್ ಆರಿಸಿದ್ದು

ಹೊಟ್ಟೆಕಿಚ್ಚು ಯಾರಿಗಿಲ್ಲ ಹೇಳಿ. ಪಕ್ಕದ ಮನೆಯವರ ಹಾಲು ಉಕ್ಕಿದರೆ ನಮ್ಮ ಮನೆ ಹಾಲು ಯಾಕೆ ಒಡೆಯಬೇಕು? ಆದರೂ ಒಡೆಯುತ್ತದೆ. ಅದು ಲೋಕದ ರೂಢಿ. ಆದರೆ ತಕ್ಕಡಿರಾಯರಿಗೆ ಆ ಬೇಸಿಗೆಯಲ್ಲಿ ಬಂದಂಥ ಹೊಟ್ಟೆಕಿಚ್ಚು ಭೂಮಿ ಹುಟ್ಟಿದ ಮೇಲೆ ಇನ್ನೊಬ್ಬರಿಗೆ ಬಂದದ್ದಿಲ್ಲ. ಅದರ ಮೇಲೆ ಹಂಡೆ ಇಟ್ಟಿದ್ದರೆ ಇಡೀ ಬೀದಿಗೆ ಸ್ನಾನದ ನೀರು ಕಾಯುತ್ತಿತ್ತು.

ರಾಯರು ತೂಕ ಮತ್ತು ಅಳತೆ ಕಚೇರಿಯಲ್ಲಿ ಗುಮಾಸ್ತರು. ಊರಿನ ಅಂಗಡಿಗಳ ತಕ್ಕಡಿ, ತೂಕದ ಕಲ್ಲು, ಅಳತೆ ಕೋಲು ಎಲ್ಲವೂ ಅವರ ಮೇಜಿನ ಮೇಲೆ ಬಂದು, ಪರೀಕ್ಷೆಗೆ ಕೂತು, ಮೊಹರು ಒತ್ತಿಸಿಕೊಂಡು ಹೋಗಬೇಕು. ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿ ಅವರ ತಲೆಯೊಳಗೂ ಒಂದು ಮೊಹರು ಬಿದ್ದುಹೋಗಿತ್ತು: ತಪ್ಪು ಏನಿದ್ದರೂ ಸಾಮಾನಿನದು, ಮನುಷ್ಯನದಲ್ಲ. ಎಡವಿ ಬಿದ್ದರೆ ಎದ್ದು ಹೊಸ್ತಿಲಿನ ಎತ್ತರ ಅಳೆಯುತ್ತಿದ್ದರು. ಅಡುಗೆಗೆ ಉಪ್ಪು ಹೆಚ್ಚಾದರೆ ಹೆಂಡತಿಯನ್ನು ಬಿಟ್ಟು ಚಮಚವನ್ನು ಬೈಯುತ್ತಿದ್ದರು. ಹೀಗಾಗಿ ಸಂಸಾರ ಸುಖವಾಗಿತ್ತು. ಚಮಚಕ್ಕೆ ಮಾತ್ರ ಕಷ್ಟ.

ಕಚೇರಿ ಬಿಟ್ಟರೆ ಅವರ ಪ್ರಾಣ ಇದ್ದದ್ದು ಬ್ಯಾಂಡಿನಲ್ಲಿ. ಪಾರ್ಕಿನ ನಡುವಿನ ದುಂಡು ಮಂಟಪದಲ್ಲಿ ಪ್ರತಿ ಭಾನುವಾರ ಸಂಜೆ ಊರಿನ ಹವ್ಯಾಸಿಗಳೆಲ್ಲ ಸೇರಿ ಬ್ಯಾಂಡು ನುಡಿಸುತ್ತಿದ್ದರು. ದೊಡ್ಡ ಕ್ಲಾರಿನೆಟ್ಟು ಊದುವವರಿಗೆ ಅವರವರದೇ ವಾದ್ಯ. ಇ ಫ್ಲ್ಯಾಟ್ ಕ್ಲಾರಿನೆಟ್ ಅನ್ನುವ ಚಿಕ್ಕದು ಮಾತ್ರ ಇಡೀ ಬ್ಯಾಂಡಿಗೆ ಒಂದೇ ಒಂದು. ಮೊಳದುದ್ದ ಇದ್ದರೆ ಹೆಚ್ಚು. ಆದರೆ ಮನೆಯ ಕೊನೆ ಮಗುವಿನ ಹಾಗೆ, ಎಲ್ಲರ ದನಿ ಮೀರಿ ಅದರದೇ ಕೇಳಬೇಕು. ಅದನ್ನು ಊದುವವರು ಇಬ್ಬರು. ಒಂದು ಭಾನುವಾರ ತಕ್ಕಡಿರಾಯರು, ಇನ್ನೊಂದು ಭಾನುವಾರ ಮೂರು ಬೀದಿ ಆಚೆಯ ಗಡಿಯಾರ ರಿಪೇರಿಯವನು. ತನ್ನ ವಾರ ಅಲ್ಲದವನು ಹಿಂದೆ ನಿಂತು ಹಿತ್ತಾಳೆ ತಾಳ ಬಡಿಯಬೇಕು. ವಾದ್ಯ ಒಂದೇ ಆದರೂ ಬಾಯಿಗಿಡುವ ತುದಿ ಇದೆಯಲ್ಲ, ಮೌತ್‌ಪೀಸು, ಅದು ಅವರವರದು ಅವರವರ ಜೇಬಿನಲ್ಲಿ. ಸ್ನೇಹ ಎಷ್ಟೇ ಇರಲಿ, ಎಂಜಲಿನಲ್ಲಿ ಪಾಲುಗಾರಿಕೆ ಆಗುತ್ತದೆಯೇ?

ಮಂಟಪದ ಮೇಲೆ ನಿಂತರೆ ಪಾರ್ಕಿನ ಗೋಡೆಯಾಚೆ ರಾಯರ ಮನೆಯ ಅಡುಗೆಮನೆ ಕಿಟಕಿ ನೆಟ್ಟಗೆ ಕಾಣುತ್ತಿತ್ತು. ಎಲ್ಲ ಅನರ್ಥಕ್ಕೂ ಅದೇ ಮೂಲ. ಒಂದು ಭಾನುವಾರ ತಾಳ ಹಿಡಿದು ನಿಂತಿದ್ದಾಗ ರಾಯರು ಅತ್ತ ನೋಡಿದರು. ಗಡಿಯಾರದವನು ಊದುತ್ತಿದ್ದ. ಕಿಟಕಿಯ ಎರಡೂ ಬಾಗಿಲು ಹಾರುಹೊಡೆದಿದ್ದವು. ಹೆಂಡತಿ ಕಿಟಕಿಗೆ ಮೊಣಕೈ ಊರಿ ಬಟಾಣಿ ಬಿಡಿಸುತ್ತ, ತಲೆ ತೂಗುತ್ತ ಕೂತಿದ್ದಳು. ಮುಂದಿನ ಭಾನುವಾರ ರಾಯರೇ ಊದುತ್ತ ಅತ್ತ ಕಣ್ಣು ಹಾಯಿಸಿದರು. ಕಿಟಕಿ ಮುಚ್ಚಿತ್ತು. ಚಿಲಕ ಸಮೇತ.

ರಾಯರು ಲೆಕ್ಕದ ಮನುಷ್ಯ, ಒಂದು ಸಲ ಕಂಡದ್ದನ್ನು ನಂಬುವವರಲ್ಲ. ಮೂರು ತಿಂಗಳು ಪುಸ್ತಕದಲ್ಲಿ ಬರೆದರು. ಹನ್ನೆರಡು ಭಾನುವಾರ. ಅವನ ಆರೂ ವಾರ ತೆರೆದ ಕಿಟಕಿ, ತಮ್ಮ ಆರೂ ವಾರ ಮುಚ್ಚಿದ ಕಿಟಕಿ. ಒಂದೇ ಒಂದು ವಾರ ಹೆಚ್ಚುಕಮ್ಮಿ ಆಗಿದ್ದರೂ ಅವರು ಹೆಂಡತಿಗೆ ಸಂಶಯದ ಲಾಭ ಕೊಡುತ್ತಿದ್ದರು. ಆ ಪುಣ್ಯಾತ್ಗಿತ್ತಿ ಅದಕ್ಕೂ ಜಾಗ ಬಿಟ್ಟಿರಲಿಲ್ಲ.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟರು. "ಅಲ್ಲ ಕಣೇ, ಆ ಅಡುಗೆಮನೆ ಕಿಟಕಿ ಸರಿಯಾಗಿ ಮುಚ್ಚುತ್ತಾ?"

"ಚೆನ್ನಾಗೇ ಮುಚ್ಚುತ್ತಲ್ಲ."

"ತೆಗೆಯೋಕೆ?"

"ತೆಗೆಯೋಕೂ ಚೆನ್ನಾಗಿದೆ. ಯಾಕ್ರೀ, ಅದಕ್ಕೂ ಮೊಹರು ಒತ್ತಬೇಕಾ?"

ಇನ್ನೊಂದು ಪ್ರಶ್ನೆ ಕೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೊಟ್ಟೆಕಿಚ್ಚಿನವರು ಪ್ರಶ್ನೆ ಕೇಳುವುದಿಲ್ಲ. ಉತ್ತರ ಮೊದಲೇ ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ.

ಹಿಂದಿನ ಓಣಿಯಲ್ಲಿ ಅವರ ಅತ್ತೆ ಇದ್ದರು. ಮಲಗುವುದು ಅಲ್ಲಿ, ಊಟಕ್ಕೆ ಇಲ್ಲಿ. ಉರಿಯುವ ಬೆಂಕಿಗೆ ತುಪ್ಪ ಬೇಕಿದ್ದರೆ ಅವರನ್ನು ಕೇಳಿದರೆ ಸಾಕು. "ಆ ಗಡಿಯಾರದೋನು ಊದ್ತಾನೆ ನೋಡಿ ಅಳಿಯಂದ್ರೇ, ಹಾಲಿಗೆ ಜೇನು ಹೊಯ್ದ ಹಾಗಿರುತ್ತೆ."

"ನಾನು ಊದಿದ್ರೆ?"

ಅತ್ತೆ ಒಳ್ಳೆ ಮನಸ್ಸಿನವರು. ತುತ್ತು ಕೈಯಲ್ಲಿ ಹಿಡಿದು ಬಹಳ ಹೊತ್ತು ಯೋಚಿಸಿದರು. "ನೀವು ಊದಿದ್ರೆ... ದೂರಕ್ಕೆ ಕೇಳುತ್ತೆ."

ಆ ಊಟ ರಾಯರಿಗೆ ಜೀರ್ಣವಾಗಲು ಮೂರು ದಿನ ಹಿಡಿಯಿತು. ಮೂರನೇ ದಿನ ಕಚೇರಿಯಲ್ಲಿ ಯಾರದೋ ಡೊಂಕು ತಕ್ಕಡಿ ನೋಡುತ್ತಿದ್ದಾಗ ಅವರಿಗೆ ಜ್ಞಾನೋದಯವಾಯಿತು. ವಾದ್ಯ ಒಂದೇ. ಹಾಡೂ ಒಂದೇ. ಮಂಟಪ ಒಂದೇ, ಗಾಳಿ ಒಂದೇ. ಬೇರೆ ಇರುವುದು ಏನು? ಮೌತ್‌ಪೀಸು! ಜೇನು ಅವನದಲ್ಲ, ಅವನ ಮೌತ್‌ಪೀಸಿನದು. ಹೆಂಡತಿ ಕಿಟಕಿ ತೆರೆಯುವುದು ಆ ಕರೀ ತುಂಡಿಗೆ. ಊದುವವರು ಇಬ್ಬರೂ ಬೇರೆ ಬೇರೆ ಎಂಬುದು ಮಾತ್ರ ಅವರ ಪಟ್ಟಿಯಲ್ಲಿ ಸೇರಲಿಲ್ಲ. ಮನುಷ್ಯರನ್ನು ತೂಗಿ ಅವರಿಗೆ ಅಭ್ಯಾಸವಿರಲಿಲ್ಲ.

ಆ ಭಾನುವಾರ ಬ್ಯಾಂಡ್ ಮೇಷ್ಟ್ರು ಸಿಡಿಲಿನಂಥ ಸುದ್ದಿ ಹೇಳಿದರು. ಬೇಸಿಗೆ ಕೊನೆಯ ದೊಡ್ಡ ಸಂಗೀತ ಕಛೇರಿಯಲ್ಲಿ ಚಿಕ್ಕ ಕ್ಲಾರಿನೆಟ್ಟು ಸ್ವರದ ಪುಸ್ತಕದ ಅರ್ಧ ಪುಟ ಒಂಟಿಯಾಗಿ ನುಡಿಯಬೇಕು, ಮಿಕ್ಕವರೆಲ್ಲ ಬಾಯಿ ಮುಚ್ಚಿ ಕೂರಬೇಕು.

"ಇಬ್ಬರಲ್ಲಿ ಯಾರು ಅಂತ ಮುಂದಿನ ಭಾನುವಾರ ತೀರ್ಮಾನ ಮಾಡ್ತೀನಿ," ಎಂದರು ಮೇಷ್ಟ್ರು. "ಮಂಟಪಕ್ಕೆ ಪರದೆ ಹಾಕಿಸ್ತೀನಿ. ನಾನು ಕೆಳಗೆ ಕೂತು ಕೇಳ್ತೀನಿ. ಯಾರು ಮೊದಲು, ಯಾರು ಆಮೇಲೆ ಅಂತ ನನಗೆ ಹೇಳಕೂಡದು. ಆಮೇಲೆ ಮುಖ ನೋಡಿ ಮಣೆ ಹಾಕ್ದೆ ಅಂತ ಮಾತು ಬರಬಾರದು."

ವಾದ್ಯ ಆ ವಾರ ರಾಯರ ಮನೆಯಲ್ಲಿತ್ತು. ಗಡಿಯಾರದವನು ನಗುತ್ತ, "ಅಭ್ಯಾಸ ಮಾಡ್ಕೊಳ್ಳಿ ರಾಯರೇ, ನನಗೆ ಬೇಡ," ಎಂದ. ಆ ನಗು ಕೂಡ ಜೇನಿನ ಹಾಗಿತ್ತು. ರಾಯರಿಗೆ ಇನ್ನಷ್ಟು ಉರಿಯಿತು.

ಸೋಮವಾರವೇ ವಾದ್ಯದಂಗಡಿಗೆ ಹೋದರು. ಅಂಗಡಿಯ ಅಜ್ಜ ಕನ್ನಡಕ ಏರಿಸಿ ನೋಡಿದರು.

"ಗಡಿಯಾರದೋರ ಹತ್ರ ಯಾವ ಮೌತ್‌ಪೀಸಿದೆಯೋ ಅದೇ ಕೊಡಿ," ಎಂದರು ರಾಯರು.

"ಅವರದ್ದು ನಿಮಗ್ಯಾಕೆ? ಬಾಯಿ ನಿಮ್ಮದಲ್ವಾ?"

"ಬಾಯಿ ಎಲ್ಲರಿಗೂ ಒಂದೇ."

"ಹಾಗಂತ ನಿಮ್ಮ ಕಚೇರೀಲಿ ಬರ್ಕೊಂಡಿದೀರಾ?" ಅಜ್ಜ ಒಂದು ಡ್ರಾಯರು ಎಳೆದು ಮೇಜಿನ ಮೇಲಿಟ್ಟರು. ಒಳಗೆ ಕರ್ರಗೆ, ಹೆಬ್ಬೆರಳಿನಷ್ಟು ದಪ್ಪದ ಮೌತ್‌ಪೀಸುಗಳು ಇಲಿಮರಿಗಳ ಹಾಗೆ ಸಾಲಾಗಿ ಮಲಗಿದ್ದವು. "ನೋಡಿ ಸ್ವಾಮಿ. ಇದರ ಹೊಟ್ಟೆಗೆ ಜೊಂಡಿನ ರೀಡು ಕಟ್ತೀವಿ. ರೀಡಿಗೂ ಈ ತುದಿಗೂ ಮಧ್ಯ ಒಂದು ಸಂದು. ಉಸಿರು ಹೋಗೋದು ಅಲ್ಲಿಂದ. ಒಂದೊಂದರ ಸಂದು ಒಂದೊಂದು ಥರ. ದೊಡ್ಡ ಕ್ಲಾರಿನೆಟ್ಟಲ್ಲಾದ್ರೆ ಕೂದಲೆಳೆ ಹೆಚ್ಚುಕಮ್ಮಿ ನಡೆಯುತ್ತೆ. ಚಿಕ್ಕದರಲ್ಲಿ ನಡೆಯಲ್ಲ, ದನಿ ಸೂಜಿ ಆಗಿ ಕಿವಿಗೆ ಚುಚ್ಚುತ್ತೆ. ಅದಕ್ಕೇ ಇದು ಚಪ್ಪಲಿ ಇದ್ದ ಹಾಗೆ. ಹಾಕ್ಕೊಂಡು ನಡೆದೇ ನೋಡ್ಬೇಕು. ಪಕ್ಕದ್ಮನೆಯೋರ ಕಾಲಿನ ಅಳತೆ ಕೊಟ್ಟು ತಗೊಂಡ್ರೆ ಬೊಬ್ಬೆ ಬರುತ್ತೆ."

"ಇದರಲ್ಲಿ ಯಾವುದು ಒಳ್ಳೇದು?"

"ನೀವು ಚೆನ್ನಾಗಿ ಊದಿದ್ದು."

ಅಂಗಡಿಯ ಪದ್ಧತಿಯಂತೆ ಅಜ್ಜ ಏಳು ಮೌತ್‌ಪೀಸು ಆರಿಸಿ, ಒಂದು ವಾರ ಊದಿ ನೋಡಿ ಒಂದನ್ನು ಇಟ್ಟುಕೊಂಡು ಮಿಕ್ಕದ್ದು ತರಲು ಹೇಳಿ ಕಳಿಸಿದರು. "ಒಂದು ಮಾತು. ತಣ್ಣೀರಲ್ಲಿ ತೊಳೀರಿ. ಬಿಸಿನೀರು ತೋರಿಸಿದ್ರೋ, ಕೆಟ್ಟಿತು ಅಂತ ತಿಳ್ಕೊಳ್ಳಿ."

ಮಂಗಳವಾರ ರಾಯರು ಏಳನ್ನೂ ಕಚೇರಿಗೆ ಒಯ್ದರು. ಗಾಜಿನ ಪೆಟ್ಟಿಗೆಯೊಳಗಿನ ಸೂಕ್ಷ್ಮ ತಕ್ಕಡಿ ಹೊರಗೆ ಬಂತು. ಒಂದೊಂದಕ್ಕೂ ನಂಬರು ಚೀಟಿ ಕಟ್ಟಿ, ತೂಗಿ, ಸಂದಿನೊಳಗೆ ತೆಳು ತಗಡು ತೂರಿಸಿ ಅಳೆಯುತ್ತಿದ್ದಾಗ ಸಾಹೇಬರು ಒಳಗೆ ಬಂದರು.

"ಏನ್ರೀ ಇದು? ಹುಕ್ಕಾ ಅಂಗಡಿ ಮೇಲೆ ದಾಳಿ ಮಾಡಿದ್ರಾ?"

"ಇಲ್ಲ ಸಾರ್. ಇವು ಕ್ಲಾರಿನೆಟ್ಟಿನ ಮೌತ್‌ಪೀಸುಗಳು. ಏಳರಲ್ಲಿ ನ್ಯಾಯವಾದದ್ದು ಒಂದೇ ಇರಬೇಕು, ಹುಡುಕ್ತಿದೀನಿ."

ಸಾಹೇಬರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ. ಅವರ ಮುಖ ಅರಳಿತು. "ಓ, ಪಾರ್ಕಿನ ಬ್ಯಾಂಡು! ನಾನೂ ನನ್ನ ಹೆಂಡ್ತೀನೂ ಹದಿನೈದು ದಿನಕ್ಕೊಂದ್ಸಲ ತಪ್ಪದೆ ಬರ್ತೀವಿ."

"ಹದಿನೈದು ದಿನಕ್ಕಾ?" ರಾಯರು ತಗಡು ಕೆಳಗಿಟ್ಟರು. "ಯಾವ ವಾರ ಸಾರ್?"

"ಅದೇ, ಆ ಗಡಿಯಾರದೋನು ಊದ್ತಾನಲ್ಲ, ಆ ವಾರ."

ರಾಯರು ಆ ದಿನ ಬಂದ ತಕ್ಕಡಿಗಳಿಗೆಲ್ಲ ನಪಾಸು ಬರೆದರು.

ಮನೆಯಲ್ಲಿ ಪರೀಕ್ಷೆ ಶುರುವಾಯಿತು. ಬೆಳಿಗ್ಗೆ ಕಚೇರಿಗೆ ಮುಂಚೆ, ಸಂಜೆ ಕಚೇರಿ ಆದ ಮೇಲೆ. ಮೊದಲನೆಯದನ್ನು ಊದಿದ ಕೂಡಲೇ ಬೀದಿಯ ನಾಯಿಗಳೆಲ್ಲ ಮನೆ ಮುಂದೆ ಬಂದು ಸಭೆ ಕೂತವು. ಎರಡನೆಯದಕ್ಕೆ ದನಿಯೇ ಬರಲಿಲ್ಲ, ರಾಯರ ಕೆನ್ನೆ ಮಾತ್ರ ಊದಿಬಂತು. ಮೂರನೆಯದಕ್ಕೆ ಎದುರುಮನೆ ನರ್ಸಮ್ಮ ಚೀಲ ಹಿಡಿದು ಓಡಿಬಂದು, "ಯಾರಿಗೆ ನೋವು ಬಂದಿರೋದು? ಎಷ್ಟು ತಿಂಗಳು?" ಎಂದು ಕೇಳಿದಳು. ಸಂಗೀತ ಎಂದು ಹೇಳಿದರೂ ನಂಬದೆ ಒಳಗೆಲ್ಲ ಹುಡುಕಿಕೊಂಡು ಹೋದಳು. ನಾಲ್ಕು ಪರವಾಗಿಲ್ಲ ಎನ್ನುವ ಹೊತ್ತಿಗೆ ಗೋಡೆಯ ಗಾರೆ ಒಂದು ಚಕ್ಕೆ ಉದುರಿತು. ಹೆಂಡತಿ ಕಿವಿಗೆ ಹತ್ತಿ ಇಟ್ಟುಕೊಂಡು ಬಟ್ಟೆ ಮಡಿಸುತ್ತಿದ್ದಳು. ಪ್ರತಿಯೊಂದಕ್ಕೂ ರಾಯರು ಅವಳ ಮುಖ ನೋಡುವರು. ಅವಳು ಹತ್ತಿ ತೆಗೆದು, "ಚೆನ್ನಾಗಿದೆ," ಎಂದು ಹೇಳಿ ಮತ್ತೆ ಹತ್ತಿ ಇಟ್ಟುಕೊಳ್ಳುವಳು.

"ಕೇಳದೇನೇ ಚೆನ್ನಾಗಿದೆ ಅಂತೀಯಲ್ಲೇ!"

"ಕೇಳಿದ್ರೆ ಹೇಳಕ್ಕಾಗಲ್ಲಾರೀ."

ಐದನೆಯದರ ಮೇಲೆ ರಾಯರಿಗೆ ತುಂಬ ಭರವಸೆ ಇತ್ತು. ಆದರೆ ಗುರುವಾರ ಮಧ್ಯಾಹ್ನ ಊಟಕ್ಕೆ ಬಂದ ಅತ್ತೆ, ಯಾರ್ಯಾರದೋ ಬಾಯಿಗೆ ಹೋಗಿಬಂದ ವಸ್ತು ಅಳಿಯಂದಿರ ಬಾಯಿಗೆ ಹೋಗಬಾರದೆಂದು ಅದನ್ನು ಪಾತ್ರೆಗೆ ಹಾಕಿ ಗಳಗಳ ಕುದಿಸಿದರು. ಕಪ್ಪಗಿದ್ದದ್ದು ಹಸಿರಾಯಿತು. ಮನೆ ತುಂಬ ನೂರು ಕೊಳೆತ ಮೊಟ್ಟೆ ಒಡೆದ ವಾಸನೆ. ನರ್ಸಮ್ಮ ಮತ್ತೆ ಚೀಲ ಹಿಡಿದು ಬಂದಳು.

"ಇದೇ ಅದು ಅತ್ತೇ!" ರಾಯರು ಹಸಿರು ಮೌತ್‌ಪೀಸು ಹಿಡಿದು ಅಳುವುದೊಂದು ಬಾಕಿ. "ಇದೇ ಸರಿಯಾದದ್ದಾಗಿತ್ತು, ಹಾಳು ಮಾಡಿಬಿಟ್ರಲ್ಲ!"

"ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ," ಎಂದರು ಅತ್ತೆ, ಸೌಟು ತೊಳೆಯುತ್ತ. "ಇನ್ನೆರಡು ಇದಾವಲ್ಲ, ಊದಿ."

ಆರು, ಏಳೂ ಆದವು. ಶನಿವಾರದ ಹೊತ್ತಿಗೆ ರಾಯರ ತುಟಿ ಬದನೆಕಾಯಿ ಆಗಿತ್ತು. ಏಳರಲ್ಲಿ ಒಂದರಲ್ಲೂ ಜೇನಿರಲಿಲ್ಲ. ಅಂದ ಮೇಲೆ ಜೇನಿರುವುದು ಲೋಕದಲ್ಲಿ ಒಂದೇ ಮೌತ್‌ಪೀಸಿನಲ್ಲಿ. ಅದು ಮೂರು ಬೀದಿ ಆಚೆ ಇದೆ.

ರಾಯರು ಕೈಗಡಿಯಾರ ಬಿಚ್ಚಿಕೊಂಡು ಗಡಿಯಾರದವನ ಅಂಗಡಿಗೆ ಹೋದರು. ಮೊಣಕಾಲಷ್ಟು ಎತ್ತರದ ಕಟ್ಟೆ, ಅದರ ಮೇಲೆ ಗಾಜಿನ ಪೆಟ್ಟಿಗೆ, ಗೋಡೆಯಲ್ಲಿ ಐವತ್ತು ಗಡಿಯಾರ. ಒಂದಕ್ಕೊಂದು ಸಮಯ ಒಪ್ಪದೆ ಟಿಕ್ ಟಿಕ್ ಎಂದು ಜಗಳವಾಡುತ್ತಿದ್ದವು. ಗಡಿಯಾರದವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತಲೆ ಎತ್ತಿದ. ಪಕ್ಕದಲ್ಲೇ ಒಂದು ಮೆತ್ತನೆ ಬಟ್ಟೆಯ ಮೇಲೆ, ತೊಳೆದು ಒಣಗಲು ಇಟ್ಟಿದ್ದ ಮೌತ್‌ಪೀಸು!

"ಬನ್ನಿ ಬನ್ನಿ ರಾಯರೇ. ಏನಾಯ್ತು?"

"ನಿಂತುಹೋಗಿದೆ. ಭಾರೀ ರಿಪೇರಿ ಇರಬೇಕು."

ಅವನು ಕಿವಿಗೆ ಹಿಡಿದು ನೋಡಿದ. "ಏನಾಗಿಲ್ಲ. ಕೀಲಿ ಕೊಟ್ಟಿಲ್ಲ, ಅಷ್ಟೇ."

"ಹೌದಾ? ಹಾಗಾದ್ರೆ... ಸ್ವಲ್ಪ ಕುಡಿಯೋಕೆ ನೀರು ಕೊಡ್ತೀರಾ?"

ಅವನು ಒಳಗೆ ಹೋದ. ಐವತ್ತು ಗಡಿಯಾರಗಳ ಕಣ್ಣೆದುರಿಗೆ, ಇಪ್ಪತ್ತೆರಡು ವರ್ಷ ಊರಿನ ಕಳ್ಳತೂಕ ಹಿಡಿದ ಮನುಷ್ಯ, ತಮ್ಮ ಜೇಬಿನ ಹಳೇ ಮೌತ್‌ಪೀಸು ಬಟ್ಟೆಯ ಮೇಲಿಟ್ಟು ಅವನದನ್ನು ಜೇಬಿಗೆ ಹಾಕಿಕೊಂಡರು. ಎರಡೂ ಒಂದೇ ಅಂಗಡಿಯ ಕರೀ ಸಾಮಾನು, ಅಕ್ಕತಂಗಿಯರಷ್ಟು ಹೋಲಿಕೆ. ಇದು ಕಳ್ಳತನವಲ್ಲ, ಮರುಪರಿಶೀಲನೆ, ಎಂದು ಮನಸ್ಸಿಗೆ ಹೇಳಿದರು. ಮನಸ್ಸು ಹೂಂ ಎಂದಿತು. ಹೊಟ್ಟೆಕಿಚ್ಚಿನ ಮನೆಯಲ್ಲಿ ಮನಸ್ಸು ಬಾಡಿಗೆಗೆ ಇರುವುದು ತಾನೆ, ಏನು ಹೇಳಿದರೂ ಒಪ್ಪಿಕೊಳ್ಳುತ್ತದೆ. ನೀರು ಬಂತು. ಒಂದೇ ಗುಟುಕಿಗೆ ಕುಡಿದು, ನೆತ್ತಿಗೆ ಹತ್ತಿ ಕೆಮ್ಮುತ್ತ ಮನೆಗೆ ಓಡಿದರು.

ಭಾನುವಾರ ಪಾರ್ಕು ಕಿಕ್ಕಿರಿದಿತ್ತು. ಪರದೆ ಕಟ್ಟಿದರೆ ಅದರ ಹಿಂದೇನಿದೆ ಎಂದು ನೋಡಲು ಜನ ಬಂದೇ ಬರುತ್ತಾರೆ. ಮಂಟಪದ ಸುತ್ತ ಹಳೆ ನಾಟಕದ ಪರದೆ, ಅದರ ಮೇಲೆ ಬಣ್ಣ ಹೋದ ಸಮುದ್ರ. ಸಮುದ್ರದ ಒಳಗೆ ರಾಯರು, ಗಡಿಯಾರದವನು, ಇಬ್ಬರಿಗೂ ಒಂದೇ ವಾದ್ಯ. ಕೆಳಗೆ ಮೇಷ್ಟ್ರು ಕಣ್ಣು ಮುಚ್ಚಿ ಕುರ್ಚಿಯಲ್ಲಿ.

ಮೊದಲು ರಾಯರು. ಪರದೆಯಲ್ಲಿ ಬೆರಳು ತೂರುವಷ್ಟು ಒಂದು ತೂತಿತ್ತು. ಅದಕ್ಕೆ ಕಣ್ಣಿಟ್ಟು ನೋಡಿದರು. ಗೋಡೆಯಾಚೆ ಕಿಟಕಿ ಮುಚ್ಚಿತ್ತು. ಇರಲಿ. ಈ ಮೌತ್‌ಪೀಸಿನ ಮೊದಲ ಸ್ವರ ಕೇಳಿದರೆ ಅವಳ ಕೈ ತಾನಾಗೇ ಚಿಲಕಕ್ಕೆ ಹೋಗುತ್ತದೆ. ಅರ್ಧ ಪುಟ ಯಾರಿಗೆ ಬೇಕು, ಚಿಲಕ ಸಾಕು! ಎದೆ ತುಂಬ ಉಸಿರು ಎಳೆದು, ಕಿಟಕಿಯನ್ನೇ ನೋಡುತ್ತ ಊದಿದರು.

ಆ ದನಿಯನ್ನು ಏನೆಂದು ಹೇಳುವುದು? ತಗಡಿನ ಮೇಲೆ ಮೊಳೆ ಎಳೆದ ಹಾಗೆ, ಬೆಕ್ಕಿನ ಬಾಲದ ಮೇಲೆ ಕಪಾಟು ಬಿದ್ದ ಹಾಗೆ, ಎರಡೂ ಸೇರಿ ಮದುವೆಯಾಗಿ ಅವುಗಳ ಮಗು ಅತ್ತ ಹಾಗೆ. ಪಾರ್ಕಿನ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ಆ ಹೊತ್ತು ಎದ್ದವು ಇನ್ನೂ ಕೂತಿಲ್ಲ ಎನ್ನುವವರಿದ್ದಾರೆ. ಕಿಟಕಿ ಅಲುಗಲಿಲ್ಲ. ರಾಯರು ಇನ್ನೂ ಜೋರಾಗಿ ಊದಿದರು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅದು ಎರಡನೇ ಸಾಲಿಗೆ ಹತ್ತಿತು. ಮೂರನೇ ಸಾಲಿಗೆ ಹೋಗುವುದರೊಳಗೆ, ಹಿಂದಿನ ಬೆಂಚಿನಿಂದ ಒಂದು ಕರೀ ಕೊಡೆ ಮೇಲೆದ್ದಿತು.

"ಯಾರ್ರೀ ಅದು ನಗ್ತಿರೋದು?"

ಪಾರ್ಕಿಗೆ ಪಾರ್ಕೇ ತಿರುಗಿ ನೋಡಿತು.

"ಹಲ್ಲು ಜಾಸ್ತಿ ಆಗಿದ್ರೆ ಹೇಳಿ, ಕಡಿಮೆ ಮಾಡ್ತೀನಿ! ನಮ್ಮೆಜಮಾನ್ರು ಒಂದು ವಾರ ತುಟಿ ಊದಿಸ್ಕೊಂಡು ಅಭ್ಯಾಸ ಮಾಡಿದಾರೆ. ಬಾಯ್ಮುಚ್ಕೊಂಡು ಕೇಳಿ!"

ಮೇಷ್ಟ್ರು ಕಣ್ಣು ಬಿಟ್ಟು ತಲೆ ಮೇಲೆ ಕೈ ಹೊತ್ತರು. "ಅಮ್ಮಾ, ಯಾರು ಊದ್ತಿದಾರೆ ಅಂತ ಹೇಳಬಾರದು ಅಂತ ತಾನೇ ಪರದೆ ಹಾಕ್ಸಿದ್ದು!"

"ಪರದೆ ಅಲ್ಲ, ಗೋಡೆ ಕಟ್ಸಿ. ನಮ್ಮವರ ಕಿರುಚಾಟ ನಂಗೆ ಗೊತ್ತಾಗಲ್ವಾ?"

ಸಮುದ್ರದ ನಡುವಿನಿಂದ ರಾಯರ ತಲೆ ಹೊರಗೆ ಬಂತು. ಬೆಂಚು ನೋಡಿದರು. ಕಿಟಕಿ ನೋಡಿದರು. ಮತ್ತೆ ಬೆಂಚು ನೋಡಿದರು. ಮನೆ ಬೀಗ ಹಾಕಿ ಹೊರಡುವವರು ಕಿಟಕಿ ಮುಚ್ಚದೆ ಇನ್ನೇನು ಮಾಡುತ್ತಾರೆ! ಆರೂ ವಾರ ಕಿಟಕಿಯನ್ನೇ ನುಂಗುವ ಹಾಗೆ ನೋಡುತ್ತಿದ್ದವರಿಗೆ ಮೂಗಿನ ಕೆಳಗಿನ ಬೆಂಚು ಕಂಡಿರಲೇ ಇಲ್ಲ. ತಾವು ಊದುವಾಗ ಜನ ಉಸಿರು ಬಿಗಿಹಿಡಿದು ಕೂರುವುದು ಸಂಗೀತದ ಭಕ್ತಿಯಿಂದ ಎಂದುಕೊಂಡಿದ್ದರು. ಕೊಡೆಯ ಭಯದಿಂದ ಎಂದು ಈಗ ಗೊತ್ತಾಯಿತು.

ಆಮೇಲೆ ಗಡಿಯಾರದವನು ಊದಿದ. ಬಟ್ಟೆಯಲ್ಲಿ ಸುತ್ತಿ ತಂದಿದ್ದ ಮೌತ್‌ಪೀಸು ಸಿಕ್ಕಿಸಿ ಊದಿದ. ಜೇನು! ರಾಯರ ಹಳೇ ಮೌತ್‌ಪೀಸಿನಿಂದಲೇ ಜೇನು! ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಸಾಮಾನು ಸರಿಯಿದ್ದು ತಪ್ಪು ಮನುಷ್ಯನದಾದದ್ದನ್ನು ರಾಯರು ಕಂಡರು. ಮೇಷ್ಟ್ರು ಯೋಚಿಸುವ ಅಗತ್ಯವೇ ಬೀಳಲಿಲ್ಲ.

ಜನ ಕರಗಿದ ಮೇಲೆ ರಾಯರು ತಲೆ ತಗ್ಗಿಸಿ ಜೇಬಿನಿಂದ ಮೌತ್‌ಪೀಸು ತೆಗೆದು ಚಾಚಿದರು. "ತಪ್ಪಾಯ್ತು ಸ್ವಾಮಿ. ನಿನ್ನೆ ನಿಮ್ಮ ಅಂಗಡೀಲಿ ಬದಲಾಯಿಸ್ಕೊಂಡುಬಿಟ್ಟೆ. ನೀವು ಈಗ ಊದಿದ್ದು ನಂದು."

"ಹೌದಾ? ಅದಕ್ಕೇ ಸ್ವಲ್ಪ ಬಿಗಿ ಅನ್ನಿಸ್ತು," ಎಂದ ಅವನು, ಬೇರೆ ಎಲ್ಲೋ ಮನಸ್ಸಿಟ್ಟು. ಅವನ ಕಣ್ಣು ಕೊಡೆ ಮಡಿಸುತ್ತಿದ್ದ ರಾಯರ ಹೆಂಡತಿಯ ಮೇಲಿತ್ತು. "ಅಲ್ಲಮ್ಮ, ನೀವು ಯಾವಾಗಲೂ ಬರ್ತೀರಾ?"

"ಇವರ ವಾರ ತಪ್ಪಿಸಲ್ಲ."

ರಾಯರ ಎದೆ ಒಂದು ಗೇಣು ಉಬ್ಬಿತು. ಆದರೂ ಹಳೇ ಕಿಡಿ ಪೂರ್ತಿ ಆರಿರಲಿಲ್ಲ. "ಈ ಗಡಿಯಾರದೋರ ವಾರ ಮಾತ್ರ ಕಿಟಕಿ ತೆಗೆದು ಕೂತಿರ್ತೀಯಲ್ಲ?"

"ಮನೇಲಿದ್ರೆ ಗಾಳಿ ಬೇಡ್ವಾ? ಇವರಿಗೇನ್ರೀ, ಚೆನ್ನಾಗಿ ಊದ್ತಾರೆ, ಬಟಾಣಿ ಬಿಡಿಸ್ಕೊಂಡು ಕೇಳಬಹುದು. ಚೆನ್ನಾಗಿ ಊದೋರಿಗೆ ಹೆಂಡ್ತಿ ಬಂದು ಕಾವಲು ಕೂರ್ಬೇಕಾ?"

ಗಡಿಯಾರದವನು ಪಾರ್ಕಿನ ಗೇಟಿನ ಕಡೆ ತಿರುಗಿ ನೋಡಿದ. ಹದಿನಾಲ್ಕು ವರ್ಷದಿಂದ ಅವನು ಈ ಮಂಟಪದಲ್ಲಿ ಊದುತ್ತಿದ್ದ. ಅವನ ಹೆಂಡತಿ ಒಂದು ದಿನವೂ ಪಾರ್ಕಿನ ಗೇಟು ದಾಟಿರಲಿಲ್ಲ. ಅವನ ಮುಖಕ್ಕೆ ಒಂದು ಬಣ್ಣ ಬಂತು. ರಾಯರಿಗೆ ಆ ಬಣ್ಣದ ಗುರುತು ಚೆನ್ನಾಗಿ ಹತ್ತಿತು. ಮೂರು ತಿಂಗಳಿಂದ ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ನೋಡಿದ ಬಣ್ಣ.

"ರಾಯರೇ," ಎಂದ ಅವನು ಮೆಲ್ಲಗೆ, "ನಿಮ್ಮ ಮೌತ್‌ಪೀಸು ಇನ್ನೊಂದು ವಾರ ನನ್ನ ಹತ್ರ ಇರಲಿ."

ದೊಡ್ಡ ಕಛೇರಿಯ ದಿನ ಬಂತು. ಊರಿನ ದೊಡ್ಡವರೆಲ್ಲ ಮುಂದಿನ ಸಾಲಿನಲ್ಲಿ, ರಾಯರ ಸಾಹೇಬರೂ ಹೆಂಡತಿ ಸಮೇತ. ರಾಯರು ಹಿಂದೆ ತಾಳ ಹಿಡಿದು ನಿಂತಿದ್ದರು. ತಾಳ ಬಡಿಯುವವರಿಗೆ ಕಾವಲು ಬೇಡವೆಂದು ಹೆಂಡತಿ ಮನೆಯಲ್ಲೇ ಉಳಿದಿದ್ದಳು. ಕಿಟಕಿ ತೆರೆದಿತ್ತು, ಬಟಾಣಿ ಕಾಣುತ್ತಿತ್ತು. ಹೊಟ್ಟೆ ತಣ್ಣಗಿತ್ತು. ಇಂಥ ಸುಖದಲ್ಲಿ ರಾಯರು ತಾಳ ಎಂದೂ ಬಡಿದಿರಲಿಲ್ಲ.

ಅರ್ಧ ಪುಟ ಬಂತು. ಬ್ಯಾಂಡೆಲ್ಲ ಸುಮ್ಮನಾಯಿತು. ಗಡಿಯಾರದವನು ಎದ್ದು ನಿಂತು ಪಾರ್ಕಿನ ಗೇಟಿನ ಕಡೆ ಒಮ್ಮೆ ನೋಡಿದ. ರಾಯರ ಮೌತ್‌ಪೀಸನ್ನು ಹಲ್ಲಿನಿಂದ ಕಚ್ಚಿ ಹಿಡಿದ. ಆಮೇಲೆ, ಹದಿನಾಲ್ಕು ವರ್ಷ ಜೇನು ಸುರಿಸಿದ ಬಾಯಿಂದ, ರಾಯರು ಕೂಡ ಎಂದೂ ಹೊರಡಿಸದಂಥ ಒಂದು ಕಿರುಚಾಟ ಹೊರಟಿತು. ಸಾಹೇಬರ ಹೆಂಡತಿ ಸಾಹೇಬರ ಮಡಿಲಿಗೆ ಬಿದ್ದರು. ಮೇಷ್ಟ್ರ ಕೈಯ ಕೋಲು ಜಾರಿತು. ಗಡಿಯಾರದವನು ಗೇಟು ನೋಡಿದ. ಯಾರೂ ಬರಲಿಲ್ಲ. ಇನ್ನೂ ಜೋರಾಗಿ ಕಿರುಚಿದ. ಮೂರು ಬೀದಿ ಆಚೆ ಅವನ ಹೆಂಡತಿ ಮಗ್ಗುಲು ಬದಲಿಸಿ ಮಲಗಿದಳೆಂದು ಆಮೇಲೆ ಗೊತ್ತಾಯಿತು.

ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ರಾಯರಿಗೂ ನಗು ಬಂದಿತ್ತು. ಅಷ್ಟರಲ್ಲಿ ಅವರ ಕಣ್ಣು ಗೋಡೆಯಾಚೆ ಹೋಯಿತು.

ಅಡುಗೆಮನೆ ಕಿಟಕಿ ದಢಾರನೆ ಮುಚ್ಚಿಕೊಂಡಿತು.

ರಾಯರ ನಗು ಅಲ್ಲಿಗೇ ನಿಂತಿತು. ಕಿಟಕಿ ಮುಚ್ಚಿದರೆ ಏನರ್ಥ ಎಂದು ಅವರಿಗೆ ಈಗ ಚೆನ್ನಾಗಿ ಗೊತ್ತಿತ್ತು. ಹೊರಟಿದ್ದಾಳೆ! ಕೊಡೆ ಹಿಡಿದು ಹೊರಟಿದ್ದಾಳೆ! ಗಡಿಯಾರದವನ ಕಾವಲಿಗೆ! ಇಷ್ಟು ವರ್ಷ ಬರೀ ಕಿಟಕಿ ಕೊಟ್ಟಿದ್ದಳು, ಈಗ ಬೆಂಚನ್ನೂ ಕೊಡುತ್ತಾಳೆ! ತಾಳ ಎರಡೂ ಕೈಯಿಂದ ಜಾರಿ ಮೆಟ್ಟಿಲ ಮೇಲೆ ಝಣಝಣ ಉರುಳಿದವು. ಅವುಗಳ ಹಿಂದೆಯೇ ರಾಯರೂ ಉರುಳಿದರು. ಎದ್ದು, ಬೆಂಚು ದಾಟಿ, ಹೂಗಿಡ ತುಳಿದು, ಸಾಹೇಬರ ಕಾಲು ಮೆಟ್ಟಿ ಓಡಿದರು. ಗೇಟಿನಲ್ಲಿ ಹೆಂಡತಿ ಎದುರಾದಳು. ಒಂದು ಕೈಯಲ್ಲಿ ಕೊಡೆ, ಒಂದು ಕಾಲಲ್ಲಿ ಮಾತ್ರ ಚಪ್ಪಲಿ, ಮೈಮೇಲೆಲ್ಲ ಬಟಾಣಿ ಸಿಪ್ಪೆ. ಏದುಸಿರು.

"ಎಲ್ಲಿಗೇ ಹೊರಟೆ?" ರಾಯರು ಎರಡೂ ಕೈ ಅಗಲಿಸಿ ಗೇಟಿಗೆ ಅಡ್ಡ ನಿಂತರು. "ಯಾರಿಗೋಸ್ಕರ ಓಡ್ತಿದೀಯ? ಇವತ್ತು ಊದೋದು ಅವನು ಅಂತ ಗೊತ್ತಿಲ್ವಾ?"

ಹೆಂಡತಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. ಮಂಟಪದ ಕಡೆ ಕಿವಿ ಕೊಟ್ಟಳು. ಅಲ್ಲಿ ಕಿರುಚಾಟ ಇನ್ನೂ ನಿಂತಿರಲಿಲ್ಲ.

"ಹೌದಾ? ಅದು ಅವನಾ?" ಎಂದಳು. ಕೊಡೆ ಕೆಳಗಿಳಿಸಿ ಗೋಡೆಗೆ ಒರಗಿ ಕೂತುಬಿಟ್ಟಳು. "ನನ್ನ ಜೀವವೇ ಹೋಗಿತ್ತಲ್ರೀ. ಕೇಳಿದ ತಕ್ಷಣ ನೀವೇ ಅಂದ್ಕೊಂಡೆ!"